ಚಳಿಗಾಲದ ಅಲರ್ಜಿ ಇದ್ದರೂ ಮಲೆನಾಡಲ್ಲಿ ಬೆಟ್ಟ ಹತ್ತಬಹುದಾ?

ಖಂಡಿತ ಹತ್ತಬಹುದು. ನಾನೂ ತೀರ್ಥಹಳ್ಳಿ ಕಡೆಯವನೇ, ಡಿಸೆಂಬರ್ ಬಂತೆಂದರೆ ಸೀನು ಶುರು. ನಾವು ಚಳಿಯನ್ನೇ ಬೈಯುತ್ತೇವೆ, ಆದರೆ ಎಷ್ಟೋ ಸಲ ಕಾರಣ ಮನೆಯಲ್ಲೇ ಇರುತ್ತದೆ: ವರ್ಷವಿಡೀ ಟ್ರಂಕಿನಲ್ಲಿದ್ದ ಕಂಬಳಿಯ ಧೂಳುಹುಳ, ಮಳೆಗಾಲದಲ್ಲಿ ಗೋಡೆ ಹಿಡಿದ ಬೂಷ್ಟು, ಜೊತೆಗೆ ಅಡಿಕೆ ಸುಲಿಯುವಾಗಿನ ಧೂಳು, ದರಗು (ಒಣಗಿದ ಎಲೆ) ಸುಡುವ ಹೊಗೆ. ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆಯಿರಿ, ಸುಮ್ನೆ ಕೊಡವಿದರೆ ಸಾಲದು.

ಕವಲೇದುರ್ಗ, ಕುಂದಾದ್ರಿಯಂಥ ನಮ್ಮ ಕಡೆಯ ಬೆಟ್ಟಗಳಿಗೆ ಮಂಜಿರುವಾಗಲೇ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆ ತಣ್ಣನೆ ಗಾಳಿ ಮೂಗನ್ನು ಇನ್ನೂ ಕೆಣಕುತ್ತದೆ, ಹಾಗಾಗಿ ಬಿಸಿಲೇರಿದ ಮೇಲೆ ಹೊರಡಿ, ಮೂಗು ಬಾಯಿ ಮುಚ್ಚುವಂತೆ ಬಟ್ಟೆ ಕಟ್ಟಿಕೊಳ್ಳಿ.

ಔಷಧಿ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಅಲರ್ಜಿ ಮಾತ್ರೆ ಸೆಟಿರಿಜಿನ್ ನುಂಗಿದರೆ ಕೆಲವರಿಗೆ ತೂಕಡಿಕೆ ಬರುತ್ತದೆ, ಆಗ ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಲೇಬೇಡಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಕೆಲಸ ಮಾಡಲು ಕೆಲವು ದಿನ ಬೇಕು, ಹೊರಡುವ ಎರಡು ವಾರ ಮೊದಲೇ ಡಾಕ್ಟರನ್ನು ಕೇಳಿ. ವಾಪಸ್ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ. ಎದೆಯಲ್ಲಿ ಸುಯ್ ಸುಯ್ ಶಬ್ದ, ಉಬ್ಬಸ ಇದ್ದರೆ ಮೊದಲು ತೋರಿಸಿಕೊಳ್ಳಿ, ಡಾಕ್ಟರ್ ಕೊಟ್ಟ ಇನ್‌ಹೇಲರ್ ಜೇಬಲ್ಲೇ ಇರಲಿ.