ಚಾಟಿನ ಆಚೆ ಕೂತವರು ಯಾರು? – ಚಿತ್ರಕಥೆ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ಆನ್‌ಲೈನ್ ಪ್ರೇಮದಲ್ಲಿ ಮೋಸಹೋಗುವ ಹುಡುಗಿಯ ಚಿತ್ರಕಥೆ ಬರೆದಿದ್ದೇನೆ. ಇಂಟರ್‌ವಲ್‌ವರೆಗೆ ಹಾಸ್ಯ, ಆಮೇಲೆ ಥ್ರಿಲ್ಲರ್. ಓದಿದವರೆಲ್ಲ ‘ಎರಡು ಬೇರೆ ಸಿನಿಮಾ ಇದ್ದ ಹಾಗಿದೆ’ ಅನ್ನುತ್ತಾರೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಮೊದಲರ್ಧದ ನಗು ಎರಡನೆಯರ್ಧಕ್ಕೆ ಏನನ್ನೂ ಉಳಿಸಿಹೋಗುತ್ತಿಲ್ಲ. ಸುಳಿವನ್ನು ಜೋಕಿನೊಳಗೇ ಬಚ್ಚಿಡಬೇಕು. ಹಗಲು ‘ನಿಮ್ಮ ಊಟ ಆಯಿತಾ?’ ಎಂದು ಕೇಳುವ ಹುಡುಗ ರಾತ್ರಿ ‘ಉಂಡ್ಯಾ ಚಿನ್ನ?’ ಎನ್ನುತ್ತಾನೆ ಅಂದುಕೊಳ್ಳಿ. ‘ಕತ್ತಲಾದ ಮೇಲೆ ಇವನಿಗೆ ಧೈರ್ಯ ಬರುತ್ತೆ ಕಣೇ’ ಎಂದು ಗೆಳತಿ ಕಿಚಾಯಿಸಲಿ. ಪ್ರೇಕ್ಷಕರು ನಕ್ಕು ಮರೆಯುತ್ತಾರೆ. ಇಂಟರ್‌ವಲ್‌ನಲ್ಲಿ ಗೊತ್ತಾಗಲಿ: ಆ ಒಂದು ಪ್ರೊಫೈಲನ್ನು ಪಾಳಿಯ ಮೇಲೆ ಇಬ್ಬರು ನಡೆಸುತ್ತಿದ್ದಾರೆ. ಸಂಘಟಿತ ವಂಚಕ ಜಾಲಗಳಲ್ಲಿ ಇದು ನಿಜವಾಗಿ ನಡೆಯುವ ಪದ್ಧತಿ. ನಕ್ಕ ಮಾತೇ ಆಗ ಎದೆ ಝಲ್ಲೆನಿಸುತ್ತದೆ. ಇಂಥ ಸುಳಿವು ಮೂರು ಸಾಕು, ಹೆಚ್ಚಾದರೆ ಮೊದಲೇ ಹಿಡಿದುಬಿಡುತ್ತಾರೆ.

ಇನ್ನೊಂದು ಮಾತು. ಸತ್ಯವನ್ನು ನಾಯಕಿಗಿಂತ ಹತ್ತು ನಿಮಿಷ ಮೊದಲು ಪ್ರೇಕ್ಷಕರಿಗೆ ಕೊಡಿ. ಆ ಹತ್ತು ನಿಮಿಷ ಅವಳು, ಅವನನ್ನು ನೋಡಲು ಯಾವ ಬಟ್ಟೆ ತೊಡಲಿ ಎಂದು ಕನ್ನಡಿಯ ಮುಂದೆ ಗೆಳತಿಯ ಜೊತೆ ಜಗಳಾಡುತ್ತಿರಲಿ. ನಗುವೂ ಭಯವೂ ಒಂದೇ ದೃಶ್ಯದಲ್ಲಿ ಕೂರುವ ಜಾಗ ಅದು.

ಪ್ರಶ್ನೆ: ಓದಿದ ಹುಡುಗಿ ಹಣ ಕಳಿಸಿದರೆ ‘ದಡ್ಡಿ’ ಎನ್ನುವುದಿಲ್ಲವೇ?

ಉತ್ತರ: ಅವನು ಹಣ ಕೇಳಿದರೆ ಅನ್ನುತ್ತಾರೆ. ಆದ್ದರಿಂದ ಕೇಳಿಸಬೇಡಿ. ಡೇಟಿಂಗ್ ಆ್ಯಪ್‌ನಿಂದ ಬೇಗನೆ ಖಾಸಗಿ ಚಾಟಿಗೆ ಕರೆದೊಯ್ಯುತ್ತಾನೆ, ವಾರಗಟ್ಟಲೆ ಪ್ರೀತಿಯ ಮಾತಷ್ಟೇ, ಆಮೇಲೆ ಹೂಡಿಕೆಯ ಆ್ಯಪ್ ಒಂದರಲ್ಲಿ ತನ್ನ ಲಾಭ ತೋರಿಸುತ್ತಾನೆ. ಅವಳು ಸಣ್ಣ ಮೊತ್ತ ಹಾಕುತ್ತಾಳೆ, ಲಾಭದ ಸಮೇತ ಹಿಂತೆಗೆಯುತ್ತಾಳೆ. ಈ ದೃಶ್ಯವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ, ನಂಬಿಕೆ ಗಟ್ಟಿಯಾಗುವುದೇ ಇಲ್ಲಿ. ದೊಡ್ಡ ಮೊತ್ತ ಹಾಕಿದ ಮೇಲೆ ಹಿಂತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಎಂಬ ಸಂದೇಶ. ಪರದೆಯ ಮೇಲಿನ ಲಾಭ ಬರೀ ಅಂಕಿ.

ಅವಳು ಅವನ ಫೋಟೊವನ್ನು ಹುಡುಕಾಟದಲ್ಲಿ ಹಾಕಿ ನೋಡಿಯೇ ನೋಡಲಿ. ಎಡಬಲ ತಿರುಗಿಸಿ, ಅಂಚು ಕತ್ತರಿಸಿದ ಚಿತ್ರ ಕೆಲವೊಮ್ಮೆ ಸಿಗುವುದಿಲ್ಲ. ಏನೂ ಸಿಗದಿದ್ದದ್ದೇ ಅವನು ಅಸಲಿ ಎಂಬುದಕ್ಕೆ ಅವಳಿಗೆ ಪುರಾವೆ. ವಿಡಿಯೊ ಕಾಲ್‌ನಲ್ಲಿ ಮುಖ ಬದಲಿಸುವ ತಂತ್ರಾಂಶವಿದ್ದರೆ, ಕೈ ಮುಖದ ಅಡ್ಡ ಬಂದಾಗ ಅಥವಾ ತಲೆ ಪೂರ್ತಿ ಪಕ್ಕಕ್ಕೆ ತಿರುಗಿದಾಗ ಚಿತ್ರ ಕದಡುವುದುಂಟು. ‘ಒಂದು ಸಲ ಮೂಗು ತುರಿಸಿಕೊಳ್ಳಿ’ ಎಂದು ಗೆಳತಿ ಹಟ ಹಿಡಿಯಲಿ. ಒಳ್ಳೆಯ ಹಾಸ್ಯದೃಶ್ಯ, ಒಳ್ಳೆಯ ಭಯದ ದೃಶ್ಯವೂ ಹೌದು.

ಆಮೇಲೆ ಅವಳ ಖಾತೆಗೆ ಇನ್ನಾರದೋ ಹಣ ಬಂದು, ಅವನ ಮಾತು ಕೇಳಿ ಅದನ್ನು ಮುಂದಕ್ಕೆ ಕಳಿಸಿದ್ದರೆ, ಪೊಲೀಸರು ಹುಡುಕುವುದು ಅವಳನ್ನೇ. ಅಲ್ಲಿಂದ ಕಥೆ ತಾನೇ ಓಡುತ್ತದೆ.

ಪ್ರಶ್ನೆ: ಪರದೆಯ ಮೇಲೆ ಚಾಟ್ ಎಷ್ಟು ಹೊತ್ತು ಇರಬೇಕು?

ಉತ್ತರ: ನಿಧಾನವಾಗಿ ಎರಡು ಸಲ ಗಟ್ಟಿಯಾಗಿ ಓದುವಷ್ಟು. ಸಂದೇಶ ಎರಡು ಸಾಲು ಮೀರದಿರಲಿ. ಟೈಪ್ ಮಾಡುತ್ತಿರುವ ಮೂರು ಚುಕ್ಕೆ ಎರಡು ಸೆಕೆಂಡ್ ಇದ್ದರೆ ನಗು, ಹತ್ತು ಸೆಕೆಂಡ್ ಇದ್ದು ಅಳಿಸಿಹೋದರೆ ಭಯ.

ಪ್ರಶ್ನೆ: ಖಳನನ್ನು ಹೇಗೆ ಕಟ್ಟಲಿ?

ಉತ್ತರ: ಟೈಪ್ ಮಾಡುವವನನ್ನೂ ದುಡ್ಡು ಎಣಿಸುವವನನ್ನೂ ಬೇರೆ ಮಾಡಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿದಂತೆ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂಥ ಆನ್‌ಲೈನ್ ವಂಚನೆಗೆ ಬಲವಂತವಾಗಿ ದುಡಿಯುತ್ತಿರಬಹುದು. ಕೆಲಸದ ಆಸೆಗೆ ಹೋಗಿ ಪಾಸ್‌ಪೋರ್ಟ್ ಕಳೆದುಕೊಂಡವರು ಅವರಲ್ಲಿದ್ದಾರೆ. ನಿಮ್ಮ ಹಗಲು ಪಾಳಿಯವನು ಅಂಥವನಾದರೆ ಪ್ರೇಮಕ್ಕೂ ಜಾಗವಿದೆ. ಆದರೆ ಕಣ್ಣೀರು ಹಾಕಿಸಿ ಕ್ಷಮೆ ಕೊಡಿಸಬೇಡಿ, ಅವಳ ಹಣ ಹೋಗಿದೆ. ಪ್ರಾಣಕ್ಕೆ ಕುತ್ತು ತಂದುಕೊಂಡು ಅವನು ಒಂದೇ ಒಂದು ಸಂದೇಶ ಕಳಿಸಲಿ: ‘ನೀವು ಇನ್ನು ಹಣ ಹಾಕಬೇಡಿ.’ ಬಂದದ್ದು ರಾತ್ರಿಯಲ್ಲಿ. ಆ ‘ನೀವು’ ಓದಿದ ಕೂಡಲೇ ಬರೆದವನು ಯಾರೆಂದು ಅವಳಿಗೆ ತಿಳಿಯುತ್ತದೆ.