ಭಾಂಗಿನ ಎರಡನೇ ಲೋಟದ ಬಗ್ಗೆ

ಪುಣೆಯಲ್ಲಿ ಹೋಳಿಯ ದಿನ ಒಂದು ಲೋಟ ಭಾಂಗ್ ಠಂಡಾಯಿ ಕುಡಿದು, ಗಂಟೆ ಕಳೆದರೂ ಏನೂ ಆಗಲಿಲ್ಲವೆಂದು ಇನ್ನೊಂದು ಕುಡಿದಿರಿ, ಆಮೇಲೆ ರಾತ್ರಿಯವರೆಗೂ ಎದೆ ಹೊಡೆದುಕೊಂಡಿತು, ಯಾಕೆ ಅಂತ ಕೇಳಿದ್ದೀರಿ.

ಮೊದಲ ಲೋಟ ಆಗಿನ್ನೂ ದಾರಿಯಲ್ಲಿತ್ತು, ಎರಡರ ಅಮಲೂ ಒಟ್ಟಿಗೇ ಏರಿತು, ಎದೆ ಹೊಡೆದುಕೊಂಡಿದ್ದು ಅದಕ್ಕೇ. ಭಾಂಗ್, ಗಾಂಜಾಗಳಲ್ಲಿ ಅಮಲೇರಿಸುವ ವಸ್ತು ಟಿಎಚ್‌ಸಿ. ಸೇದಿದರೆ ಅದು ಕೆಲವೇ ನಿಮಿಷಗಳಲ್ಲಿ ಮಿದುಳು ಮುಟ್ಟುತ್ತದೆ. ಕುಡಿದರೆ ಕರುಳು ದಾಟಿ ಯಕೃತ್ತಿಗೆ ಹೋಗಬೇಕು, ಅಮಲೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಯಕೃತ್ತು ಅದರ ಒಂದು ಪಾಲನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಮಾಡುತ್ತದೆ, ಅದಕ್ಕೂ ಅಮಲಿದೆ. ಹಾಗಾಗಿ ಆರೆಂಟು ಗಂಟೆ ಇಳಿಯುವುದಿಲ್ಲ.

ಇವು ಹೋಗಿ ಕೂರುವುದು ಮಿದುಳಿನ ಜೀವಕೋಶಗಳಲ್ಲಿರುವ ಸಿಬಿ1 ಎಂಬ ಗ್ರಾಹಕಗಳ (ರಿಸೆಪ್ಟರ್‌ಗಳ) ಮೇಲೆ. ನಮ್ಮ ಮಿದುಳೇ ತಯಾರಿಸುವ ಅಂಥದ್ದೊಂದು ವಸ್ತು 1992ರಲ್ಲಿ ಜೆರುಸಲೇಮಿನ ರಾಫೆಲ್ ಮೆಷೂಲಮ್ ಅವರ ಪ್ರಯೋಗಾಲಯದಲ್ಲಿ ಸಿಕ್ಕಿತು. ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು, ನಮ್ಮ ‘ಆನಂದ’ವೇ! ನನಗೆ ಇದು ಇಂದಿಗೂ ಖುಷಿ ಕೊಡುವ ಸಂಗತಿ. ಆನಂದಮೈಡನ್ನು ದೇಹ ಬೇಗ ಒಡೆದುಹಾಕುತ್ತದೆ, ಟಿಎಚ್‌ಸಿಯನ್ನು ಹಾಗೆ ಒಡೆಯಲಾಗದು.

ಮಾಟುಂಗದ ನಮ್ಮ ಮನೆಯಲ್ಲಿ ಭಾವಮೈದುನನಿಗೂ ಹೀಗೇ ಆಗಿತ್ತು. ಮಣಿಕಟ್ಟು ಹಿಡಿದು ಎಣಿಸಿದೆ, ನಿಮಿಷಕ್ಕೆ 118. ನೀರು ಕುಡಿಸಿ, ದೀಪ ಆರಿಸಿ, ಪಕ್ಕದಲ್ಲೇ ಕೂತೆವು. ಎದೆನೋವು ಬಂದಿದ್ದರೆ ಆಸ್ಪತ್ರೆಗೇ ಓಡುತ್ತಿದ್ದೆವು.

ನಿಮ್ಮ ತಂದೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಾರೆ ಅಂದಿರಲ್ಲ, ಅವರಿಗೆ ಒಂದು ಗುಟುಕೂ ಕೊಡಬೇಡಿ. ಟಿಎಚ್‌ಸಿ, ವಾರ್ಫರಿನ್ ಎರಡನ್ನೂ ಮುಖ್ಯವಾಗಿ ಒಡೆಯುವುದು ಯಕೃತ್ತಿನ ಒಂದೇ ಕಿಣ್ವ. ಅದು ಟಿಎಚ್‌ಸಿಯಲ್ಲೇ ತೊಡಗಿದರೆ ಔಷಧ ರಕ್ತದಲ್ಲೇ ಉಳಿದು ರಕ್ತಸ್ರಾವ ಆಗಬಹುದು.