ಕಾರ್ಡ್ ತಗೊಳ್ಳಿ, ಆದರೆ ಬಿಲ್‌ನ ಆ ಸಣ್ಣ ಮೊತ್ತ ನೋಡಬೇಡಿ

ಪ್ರಶ್ನೆ: ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಸಂಬಳ 26 ಸಾವಿರ. ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ತಗೊಳ್ಳಿ ಅಂತ ಬಿಡದೆ ಫೋನ್ ಮಾಡುತ್ತಾರೆ. ಜೊತೆಯ ಟೀಚರ್ ಒಬ್ಬರು ಕಾರ್ಡ್ ಆಫರ್‌ನಲ್ಲಿ ಫ್ರಿಜ್ ಕೊಂಡು ಎರಡೂವರೆ ಸಾವಿರ ಉಳಿಸಿದರು. ನಮ್ಮ ಯಜಮಾನರು ಮಾತ್ರ ‘ನಮ್ಮನೆಗೆ ಸಾಲದ ಸಹವಾಸವೇ ಬೇಡ’ ಅನ್ನುತ್ತಾರೆ. ವಾಷಿಂಗ್ ಮಷೀನ್ ಬೇಕಾಗಿದೆ. ಏನು ಮಾಡಲಿ?
– ಹೆಸರು ಬೇಡ ಎಂದವರು, ತಿಪಟೂರು

ಉತ್ತರ: ಯಜಮಾನರ ಮಾತನ್ನು ತಳ್ಳಿಹಾಕಬೇಡಿ, ಪೂರ್ತಿ ಒಪ್ಪಲೂ ಬೇಡಿ. ನಾನು ಬ್ಯಾಂಕಿನ ಕೌಂಟರ್ ಹಿಂದೆ ಕೂತು ರಿಟೈರ್ ಆದವನು. ಕಾರ್ಡಿನಿಂದ ಲಾಭ ಮಾಡಿಕೊಂಡವರನ್ನೂ ನೋಡಿದ್ದೇನೆ, ಕಾರ್ಡ್ ಬಿಲ್ ಕಟ್ಟಲು ಬಳೆ ಅಡವಿಡಲು ಬಂದವರನ್ನೂ ನೋಡಿದ್ದೇನೆ. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಥರದ ಕಾರ್ಡ್. ಬಿಲ್‌ನಲ್ಲಿ ಯಾವ ಮೊತ್ತ ನೋಡಿ ದುಡ್ಡು ಕಟ್ಟುತ್ತಿದ್ದರು ಅನ್ನುವುದಷ್ಟೇ ಬೇರೆ.

ಬಿಲ್‌ನಲ್ಲಿ ‘ಟೋಟಲ್ ಡ್ಯೂ’ (ಪೂರ್ತಿ ಬಾಕಿ) ಅಂತ ಒಂದಿರುತ್ತದೆ, ಪಕ್ಕದಲ್ಲೇ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದ ಮೊತ್ತ. ನಿಮ್ಮ ಮಷೀನ್ 24,000 ಅಂದುಕೊಳ್ಳಿ. ಮಿನಿಮಮ್ ಸಾಮಾನ್ಯವಾಗಿ 5 ಪರ್ಸೆಂಟ್, ಅಂದರೆ 1,200. ಅಷ್ಟೇ ಕಟ್ಟಿದಿರಿ, 22,800 ಬಾಕಿ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಹಿಡಿದರೆ 798 ರೂಪಾಯಿ. ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 144. ಎರಡೂ ಸೇರಿ 942. ನೀವು ಕಷ್ಟಪಟ್ಟು ಕಟ್ಟಿದ 1,200ರಲ್ಲಿ ಸಾಲ ಇಳಿದದ್ದು ಬರೀ 258! ಇದೂ ಕಮ್ಮಿ ಲೆಕ್ಕವೇ. ಪೂರ್ತಿ ಕಟ್ಟದಿದ್ದರೆ ಬಡ್ಡಿ ಓಡುವುದು ಬಿಲ್ ಬಂದ ದಿನದಿಂದಲ್ಲ, ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನದಿಂದ. ಬಾಕಿ ಇರುವಾಗ ಅದೇ ಕಾರ್ಡಿನಲ್ಲಿ ಅರ್ಧ ಕೆಜಿ ಕಾಫಿಪುಡಿ ಕೊಂಡರೂ ಅದಕ್ಕೂ ಅವತ್ತಿನಿಂದಲೇ ಬಡ್ಡಿ. ಬಡ್ಡಿಯಿಲ್ಲದ 45–50 ದಿನ ಅಂತ ಫೋನಿನಲ್ಲಿ ಹೇಳ್ತಾರಲ್ವಾ, ಅದು ಪೂರ್ತಿ ಕಟ್ಟುವವರಿಗೆ ಮಾತ್ರ.

ವರ್ಷಕ್ಕೆ ಲೆಕ್ಕ ಹಾಕಿ, 42 ಪರ್ಸೆಂಟ್. ಬ್ಯಾಂಕಿನಲ್ಲಿ ಒಡವೆ ಸಾಲ ಇದರ ಮೂರನೇ ಒಂದು ಭಾಗಕ್ಕೆ ಸಿಗುತ್ತದೆ. ಕಾರ್ಡ್ ಬಡ್ಡಿ ವರ್ಷಕ್ಕೆ 30 ಪರ್ಸೆಂಟ್ ದಾಟಬಾರದು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಇನ್ನು ಕಾರ್ಡಿನಿಂದ ಎಟಿಎಂನಲ್ಲಿ ಕ್ಯಾಶ್ ತೆಗೆಯುವುದಂತೂ ಬೇಡವೇ ಬೇಡ. ಶುಲ್ಕ ಬೇರೆ, ಮೊದಲ ದಿನದಿಂದ ಬಡ್ಡಿ ಬೇರೆ.

ಹಾಗಾದರೆ ಲಾಭವೇ ಇಲ್ವಾ? ಇದೆ. ಪೂರ್ತಿ ಕಟ್ಟುವವರಿಗೆ ಬ್ಯಾಂಕಿನ ದುಡ್ಡು ಒಂದೂವರೆ ತಿಂಗಳು ಪುಕ್ಕಟೆ. ಸರಿಯಾದ ದಿನಕ್ಕೆ ಕಟ್ಟುತ್ತಾ ಬಂದರೆ ಸಿಬಿಲ್ ಸ್ಕೋರ್ (ಸಾಲ ಹೇಗೆ ತೀರಿಸುತ್ತೀರಿ ಅನ್ನುವುದಕ್ಕೆ ಸಿಗುವ ಅಂಕ) ಬೆಳೆಯುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ. ನನಗೆ ದೊಡ್ಡದಾಗಿ ಕಾಣುವ ಲಾಭ ಇನ್ನೊಂದಿದೆ. ಡೆಬಿಟ್ ಕಾರ್ಡಿನಲ್ಲಿ ಮೋಸವಾದರೆ ಹೋಗುವುದು ನಿಮ್ಮ ಸಂಬಳ. ಕ್ರೆಡಿಟ್ ಕಾರ್ಡಿನಲ್ಲಿ ನಿಮ್ಮ ಖಾತೆಯ ದುಡ್ಡು ಅಲ್ಲೇ ಇರುತ್ತದೆ, ತಕರಾರು ಹಾಕಿ ಜಗಳ ಆಡಬಹುದು. ಒಟಿಪಿ ನೀವೇ ಹೇಳಿಕೊಟ್ಟಿದ್ದರೆ ಮಾತ್ರ ಜಗಳಕ್ಕೆ ಬಲ ಇರುವುದಿಲ್ಲ.

ಅಂಗಡಿಯವರು ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯಿಲ್ಲದ ಕಂತು, ಅಂತ ಹೇಳಿದರೆ ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿಯ ಮೇಲಿನ ಜಿಎಸ್‌ಟಿ ಯಾರು ಕಟ್ಟಬೇಕು ಅಂತ ಕೇಳಿ. ಸುಮ್ನೆ ಕೇಳಿ ನೋಡಿ, ಮುಖ ಬದಲಾಗುತ್ತದೆ.

ಈಗ ನನ್ನ ಮಾತು. 24,000 ಖಾತೆಯಲ್ಲಿ ಈಗಲೇ ಇದೆಯಾ? ಇದ್ದರೆ ಕಾರ್ಡ್ ತಗೊಳ್ಳಿ, ಆಫರ್‌ನಲ್ಲೇ ಕೊಳ್ಳಿ, ಆ ದುಡ್ಡನ್ನು ಮುಟ್ಟದೆ ಬಿಲ್‌ಗೆ ಇಟ್ಟುಬಿಡಿ. ಆಟೋ ಡೆಬಿಟ್ ಹಾಕಿಸುವಾಗ ‘ಟೋಟಲ್’ ಅಂತಲೇ ಟಿಕ್ ಮಾಡಿ. ‘ಮಿನಿಮಮ್’ಗೂ ಅಲ್ಲೇ ಒಂದು ಡಬ್ಬಿ ಇರುತ್ತದೆ. ಕಾರ್ಡಿನಲ್ಲಿ ಖರ್ಚು ಮಾಡಬಹುದಾದ ಲಿಮಿಟ್ ಒಂದು ತಿಂಗಳ ಸಂಬಳ ದಾಟುವುದು ಬೇಡ. ನೀವು ಒಪ್ಪದೆ ಬ್ಯಾಂಕಿನವರು ಅದನ್ನು ಏರಿಸುವ ಹಾಗಿಲ್ಲ. ದುಡ್ಡು ಇಲ್ಲದಿದ್ದರೆ ಸದ್ಯಕ್ಕೆ ಮಷೀನೂ ಬೇಡ, ಕಾರ್ಡೂ ಬೇಡ. ಸಾಲ ಬೇಡ ಅಂದ ಯಜಮಾನರಿಗೇ ಭಾನುವಾರದ ಬಟ್ಟೆ ಒಗೆಯಲು ಹೇಳಿ.

ಪ್ರಶ್ನೆ: ನಾನು ಕೇಳದೇ ಒಂದು ಕ್ರೆಡಿಟ್ ಕಾರ್ಡ್ ಕೊರಿಯರ್‌ನಲ್ಲಿ ಬಂದಿದೆ. ಚಾಲೂ ಮಾಡಿಲ್ಲ. ವರ್ಷದ ಫೀ ಹಾಕುತ್ತಾರಾ?
– ಓದುಗರು, ಹುಬ್ಬಳ್ಳಿ

ಉತ್ತರ: ಹಾಕುವ ಹಾಗಿಲ್ಲ. ಕೇಳದೆ ಕಾರ್ಡ್ ಕಳಿಸುವುದೇ ತಪ್ಪು ಅಂತ ರಿಸರ್ವ್ ಬ್ಯಾಂಕಿನ ನಿಯಮ ಹೇಳುತ್ತದೆ. ಬಿಲ್ ಹಾಕಿದರೆ ಬ್ಯಾಂಕಿನವರೇ ಅದನ್ನು ವಾಪಸ್ ತಗೊಂಡು, ಅದರ ಎರಡರಷ್ಟು ದಂಡ ನಿಮಗೆ ಕೊಡಬೇಕು. 30 ದಿನವಾದರೂ ಕಾರ್ಡ್ ಚಾಲೂ ಆಗದಿದ್ದರೆ ಒಟಿಪಿ ಕಳಿಸಿ ಒಪ್ಪಿಗೆ ಕೇಳುತ್ತಾರೆ. ಆ ಒಟಿಪಿ ಕೊಡಬೇಡಿ. ಆಮೇಲೆ 7 ಕೆಲಸದ ದಿನದೊಳಗೆ ಅವರ ಖರ್ಚಿನಲ್ಲೇ ಮುಚ್ಚಬೇಕು. ಫೋನಿನಲ್ಲಿ ಹೇಳಿ ಬಿಡಬೇಡಿ, ಈಮೇಲ್ ಮಾಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕ್ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ದೂರು ಕೊಡಿ, ಅದಕ್ಕೆ ಫೀ ಇಲ್ಲ.

ಪ್ರಶ್ನೆ: ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದೇನೆ. ಊರಲ್ಲಿರುವ ತಮ್ಮನಿಗೆ ಅದರಿಂದ ದುಡ್ಡು ಕಳಿಸಬಹುದಾ?
– ಓದುಗರು, ಮೈಸೂರು

ಉತ್ತರ: ಆಗುವುದಿಲ್ಲ. ಅದು ಅಂಗಡಿ, ಹೋಟೆಲಿನಂಥ ವ್ಯಾಪಾರಿಗಳ ಕ್ಯೂಆರ್‌ಗೆ ಮಾತ್ರ. ತಮ್ಮನಿಗೆ ಖಾತೆಯಿಂದಲೇ ಕಳಿಸಿ.